ಹಳೆ ಮಣ್ಣಿನ ಐರಾಣಿ

ಸೊಲ್ಲಾಪುರದ ನೂಲಿನ ಗಿರಣಿ ನನ್ನನ್ನು ಹೊರಗೆ ಹಾಕಿದ ಮೇಲೆ ನಾನು ಮರಳಿ ಬಂದದ್ದು ಅಫಜಲಪುರದ ಕಡೆಯ ನಮ್ಮ ಊರಿಗೆ, ಅಪ್ಪ ಗಡಿಗೆ ಮಾಡುತ್ತಿದ್ದ ಅದೇ ಕೊಟ್ಟಿಗೆಗೆ. ಆಗಿನ್ನೂ ನಿಜಾಮರ ಆಳಿಕೆ. ಅಪ್ಪ ತೀರಿಹೋಗಿದ್ದ. ಅವನ ತಿಗರಿ ಚಕ್ರದ ಮುಂದೆ ಈಗ ಅಕ್ಕನ ಗಂಡ, ನಮ್ಮ ಮಾವ, ಕೂತಿದ್ದ. ಕೂತಿದ್ದ ಅನ್ನುವುದು ಮರ್ಯಾದೆಯ ಮಾತು. ಹೆಚ್ಚಾಗಿ ಅವನು ಹೊರಸಿನ ಮೇಲೆ ಮಲಗಿರುತ್ತಿದ್ದ; ತಿಗರಿ ಬಾಗಿಲ ಕಡೆ ಮುಖ ಮಾಡಿ ಕಾಯುತ್ತಿತ್ತು.

"ಬಾರಪಾ ಗಿರಣಿ ಸಾಹೇಬಾ! ನೂಲು ಹರೀತೇನು?" ಅಂದ, ಮಲಗಿದಲ್ಲಿಂದಲೇ.

"ಕೆಲಸ ಬೇಕಾಗೇದ್ರಿ ಮಾವಾ. ತಿಗರಿ ಬಿಟ್ಟರ ನನಗ ಬ್ಯಾರೆ ಏನೂ ಬರೂದಿಲ್ಲ."

"ಒಂದು ತಿಗರಿಗಿ ಇಬ್ಬರು ಹ್ಯಾಂಗ ಕೂಡ್ತಾರಲೇ? ಊರಾಗ ಲಗ್ನ ಬಂದದ. ಐರಾಣಿ ಕೊಡಬೇಕು. ನೀ ಮಾಡಿದ ಗಡಿಗಿ ಹೆಣ್ಮಕ್ಕಳ ತಲಿ ಮ್ಯಾಲ ಹೋದರ ಇಲ್ಲೇ ಇರು. ಇಲ್ಲಂದ್ರ ಬಂದ ಹಾದಿ ಹಿಡಿ."

ನಮ್ಮ ಕಡೆ ಲಗ್ನಕ್ಕೆ ಮುಂಚೆ ಹೆಣ್ಣುಮಕ್ಕಳು ಬಾಜಾಬಜಂತ್ರಿಯೊಂದಿಗೆ ಕುಂಬಾರನ ಮನೆಗೆ ಬರುತ್ತಾರೆ. ತಿಗರಿಗೆ ಕುಂಕುಮ ಹಚ್ಚಿ, ಸುಣ್ಣ ಕೆಮ್ಮಣ್ಣಿನಿಂದ ಸಿಂಗರಿಸಿದ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಹಂದರಕ್ಕೆ ಒಯ್ಯುತ್ತಾರೆ. ಅವೇ ಐರಾಣಿ. ಅವುಗಳ ಮೈ ಒಂದಿಷ್ಟು ಮುಕ್ಕಾದರೂ ಲಗ್ನದ ಮನೆಯವರು ಶಾಪ ಹಾಕುವುದು ಕುಂಬಾರನಿಗೆ.

ಇಷ್ಟು ಗೊತ್ತಿದ್ದೂ ಮಾವ ಹೊಸ ಮಣ್ಣು ತಂದಿರಲಿಲ್ಲ. ಒಳ್ಳೆಯ ಮಣ್ಣಿನ ಸಾಮಾನೆಲ್ಲ ಘತ್ತರಗಿಯ ಅಮಾಸಿ ಜಾತ್ರೆಗೆ ಬಂದ ಜನಕ್ಕೆ ಮಾರಿ ಮುಗಿಸಿದ್ದ. ಹೊಸ ಮಣ್ಣಿಗೆ ಭೀಮಾ ನದಿಯ ದಂಡೆಗೆ ಹೋಗಿರಿ ಅಂದರೆ, "ಕತ್ತಿ ಕುಂಟ್ತದ" ಅನ್ನುತ್ತಿದ್ದ. ಆ ಕುಂಟು ಕತ್ತೆ ಹೊರಗೆ ನಾಯಿಯ ಬೆನ್ನು ಹತ್ತಿ ಓಣಿ ತುಂಬ ಓಡುತ್ತಿತ್ತು.

ಉಳಿದದ್ದು ಹಳೆ ಮಣ್ಣು: ಸುಡುವ ಮುಂಚೆಯೇ ಒಡೆದ ಗಡಿಗೆ, ತಿಗರಿಯಿಂದ ಕೆರೆದು ಮೂಲೆಗೆ ಎಸೆದ ಮುದ್ದೆ. ಅದರಲ್ಲಿ ಅವಮಾನವೇನಿಲ್ಲ. ಬೆಂಕಿ ಕಾಣದ ಮಣ್ಣು ಎಷ್ಟು ಸಲ ಒಡೆದರೂ ಮಣ್ಣೇ. ಆದರೆ ಅದನ್ನು ಮೊದಲು ಕಟಕಟ ಅನ್ನುವಂತೆ ಒಣಗಿಸಬೇಕು. ಪೂರ್ತಿ ಒಣಗಿದ್ದು ನೀರು ಕಂಡ ಕೂಡಲೇ ಕುಸಿದು ಕರಗುತ್ತದೆ. ಅರೆ ಒಣಗಿದ್ದು ಗಂಟಾಗಿಯೇ ಕೂರುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸಬೇಕು. ಮೂಲೆಯ ಮಣ್ಣಿನಲ್ಲಿ ಗೋಡೆಯಿಂದ ಉದುರಿದ ಸುಣ್ಣದ ಹರಳು ಸೇರಿರುತ್ತವೆ. ಆ ಹರಳು ಗಡಿಗೆ ಬೇಯಿಸುವ ಆವಿಗೆಯಲ್ಲಿ ಸುಟ್ಟು ಸುಮ್ಮನಿದ್ದು, ಮುಂದೆ ನೀರು ಕುಡಿದಾಗ ಉಬ್ಬಿ ಗಡಿಗೆಯ ಮೈ ಸಿಡಿಸುತ್ತವೆ. ಅದಕ್ಕೇ ಹಳೆ ಮಣ್ಣಿನ ಗಡಿಗೆಗೆ ಒಂದು ರಾತ್ರಿ ನೀರು ತುಂಬಿಟ್ಟು ನೋಡದೆ ಅಪ್ಪ ಹೊರಗೆ ಕೊಡುತ್ತಿರಲಿಲ್ಲ.

ಮಾವ ಇದನ್ನೆಲ್ಲ ಬಲ್ಲ. ಬಲ್ಲವನಾಗಿಯೇ ಪೊರಕೆ ಹಿಡಿದು ನೆಲ ಗುಡಿಸಿ, ಸಿಕ್ಕಿದ್ದನ್ನೆಲ್ಲ ಗುಂಡಿಗೆ ತಳ್ಳಿ ತುಳಿದ.

"ಸೋಸೂದಿಲ್ಲೇನ್ರಿ ಮಾವಾ?"

"ಬೆಂಕಿ ಎಲ್ಲಾ ನುಂಗ್ತದಲೇ. ಬೆಂಕಿಗಿ ನೀ ಕಲಸ್ತೀ ಏನು?"

ನಾನು ನನ್ನ ಪಾಲಿನ ಹೆಂಟೆಗಳನ್ನು ಬಿಸಿಲಿಗೆ ಹರವಿ, ಕುಟ್ಟಿ, ನೆನೆಸಿ, ಅಕ್ಕನ ಹರಕು ಸೀರೆಯಲ್ಲಿ ಸೋಸಿದೆ. ಮಾವ ಓಣಿಯವರನ್ನು ಕರೆದು ತೋರಿಸಿದ: "ನೋಡ್ರಿ ನೋಡ್ರಿ, ಗಿರಣಿಯವ ಮಣ್ಣಿಗಿ ಸೀರಿ ಉಡಸಲಿಕತ್ತಾನ!" ಬಂದವರು ಹೊಟ್ಟೆ ಹಿಡಿದು ನಕ್ಕರು. ಪಾಪ, ದಿನವಿಡೀ ಕಟ್ಟೆಯ ಮೇಲೆ ಕೂತು ಬೆವರದ ಜನ; ನಗುವುದಾದರೂ ಒಂದು ಕೆಲಸವಾಯಿತು.

ಅವನ ಕೈ ಚಲೋ ಇತ್ತು, ಅದನ್ನು ಹೇಳಲೇಬೇಕು. ಗಡಿಗೆಯ ಹೊಟ್ಟೆ ಅಷ್ಟು ದುಂಡಗೆ ಎತ್ತುವವನು ಜೇವರ್ಗಿಯಿಂದ ಆಳಂದದ ತನಕ ಇದ್ದನೋ ಇಲ್ಲವೋ. ಕೈ ಬರದವನು ಕೆಡಿಸಿದರೆ ಅಯ್ಯೋ ಅನ್ನಬಹುದು. ಇಂಥ ಕೈ ಇಟ್ಟುಕೊಂಡು ಕಸದಲ್ಲಿ ಗಡಿಗೆ ಮಾಡುವವನನ್ನು ಕಂಡರೆ ನನಗೆ ಉಗಿಯಬೇಕು ಅನ್ನಿಸುತ್ತಿತ್ತು. ಗಿರಣಿಯಲ್ಲಿ ರೂಢಿ ತಪ್ಪಿದ ನನ್ನ ಕೈಯಿಂದ ಎದ್ದವು ಸೊಟ್ಟ ಗಡಿಗೆಗಳು.

ಆವಿಗೆ ತೆಗೆದು ಬೆರಳಿನಿಂದ ತಟ್ಟಿದಾಗ ಎಲ್ಲವೂ ಠಣ್ ಅಂದವು. ನಾನು ನನ್ನವಕ್ಕೆ ನೀರು ತುಂಬಿಟ್ಟು, ನಿಮ್ಮವಕ್ಕೂ ಹಾಗೆ ಮಾಡಿರಿ ಅಂದೆ. "ನೀರು ಕುಡದರ ಬಣ್ಣ ಹಿಡ್ಯಂಗಿಲ್ಲ" ಅಂದು ಮಾವ ತನ್ನವನ್ನು ಹಾಗೇ ಅಕ್ಕನ ಮುಂದಿಟ್ಟ. ಅಕ್ಕ ನೀರುಸುಣ್ಣ ಬಳಿದು, ಕೆಮ್ಮಣ್ಣಿನ ಗೆರೆ ಎಳೆದು ಸಾಲಾಗಿ ನಿಲ್ಲಿಸಿದಳು. ನನ್ನವಕ್ಕೆ ನೀರು ಚೆಲ್ಲಿ ಒಣಗಿದ ಮೇಲೆ ಬರೇ ಒಂದೊಂದು ಗೆರೆ ಸಿಕ್ಕಿತು.

ಲಗ್ನದವರು ಬಂದ ಮುಂಜಾನೆ, ಮಾವ ಹಸಿರು ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತ. ಮದುಮಗಳ ಅಜ್ಜಿ ಗಡಿಗೆ ಎತ್ತಿಕೊಳ್ಳಲು ಬಗ್ಗಿದಳು. ಪುಟ್ ಅಂದು ಒಂದು ಚಕ್ಕೆ ಅವಳ ಕಾಲ ಮೇಲೆ ಬಿತ್ತು. ನೋಡಿದರೆ ಇಡೀ ಸಾಲಿನ ಹೊಟ್ಟೆಯ ತುಂಬ ತೂತಿನಂಥ ಕಲೆ, ಕಲೆಯ ನಡುವೆ ಬಿಳಿ ಚುಕ್ಕೆ; ನೀರುಸುಣ್ಣದ ತೇವ ಕುಡಿದು ಒಳಗಿನ ಹರಳು ಉಬ್ಬಿದ್ದವು. ಬಾಜಾ ನಿಂತಿತು.

"ದೃಷ್ಟಿ ಆಗೇದ್ರಿ ಆಯಿ," ಅಂದ ಮಾವ, ನನ್ನ ಕಡೆ ನೋಡುತ್ತ.

"ದೃಷ್ಟಿ ಅಲ್ಲೋ ಕುಂಬಾರಪ್ಪಾ, ಮೈಲಿ ಗುಳ್ಳಿ ಎದ್ದಾವ ಗಡಿಗಿಗಿ! ಮದಿಮಗಳಿಗಿ ಹತ್ತಸ್ತೀ ಏನು?"

ಅಕ್ಕ ಗಂಡನ ಮುಖ ನೋಡಲಿಲ್ಲ. ಒಳಗೆ ಹೋಗಿ ನನ್ನವನ್ನು ತಂದಿಟ್ಟಳು. ಅಜ್ಜಿ ಒಂದೊಂದನ್ನೂ ತಿರುವಿ, ಉಗುರಿನಿಂದ ಗೀರಿ ನೋಡಿದಳು.

"ಸೊಟ್ಟ ಅದಾವಲ್ಲೇ ತಂಗಿ."

"ಸೊಟ್ಟ ಖರೇರಿ ಆಯಿ. ಸಿಡ್ಯಾಂಗಿಲ್ಲ."

"ಇರ್ಲಿ ತೊಗೊ. ಅಳಿಯಾನೂ ಸೊಟ್ಟನೇ ಸಿಕ್ಕಾನ, ಜೋಡಿ ಬರೋಬರ್ ಆತು."

ಬಾಜಾ ಮತ್ತೆ ಶುರುವಾಯಿತು. ನನ್ನ ಗಡಿಗೆಗಳು ಹೆಂಗಸರ ತಲೆಯ ಮೇಲೆ ಓಣಿ ದಾಟಿದವು. ಮಾವ ಅವರ ಹಿಂದೆಯೇ ಕಟ್ಟೆಯ ತನಕ ಹೋಗಿ, ನನಗೆ ಕೇಳುವಂತೆಯೇ ಹೇಳುತ್ತಿದ್ದ: "ಹುಡುಗನ್ನ ತಯಾರ್ ಮಾಡಿದವ ಯಾರಂತೀ? ಮಣ್ಣೂ ನಮ್ಮದೇ." ಮೊನ್ನೆ ನಕ್ಕವರು ಹೌದ್ಹೌದು ಅಂದು ತಲೆಯಾಡಿಸುತ್ತಿದ್ದರು.

ನಾನು ಹೆಂಗಸರು ತಿಗರಿಗೆ ಹಚ್ಚಿದ್ದ ಕುಂಕುಮ ಒರೆಸದೆ ಹಾಗೇ ಬಿಟ್ಟು, ಹೊಸ ಮಣ್ಣು ತರಲು ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಕತ್ತೆಯನ್ನು ಬಿಚ್ಚಿದೆ. ಭೀಮಾ ದಂಡೆಯ ಹಾದಿಯುದ್ದಕ್ಕೂ ಅದು ನನಗಿಂತ ಮುಂದೆಯೇ ನಡೆಯಿತು.