ಮಸಾಜು ಕಲಿಯಲು ಬಂದ ಪರವಾಗಿಲ್ಲಕ್ಕ

ಆ ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಪರವಾಗಿಲ್ಲಕ್ಕ ಎಂದೇ ಕರೆಯುತ್ತಿದ್ದರು. ಕುರ್ಚಿ ಸಾಲದಿದ್ದರೆ ಪರವಾಗಿಲ್ಲ, ನಿಂತೇ ಪಾಠ ಕೇಳುತ್ತೇನೆ. ಬೇರೆಯವರ ಎಣ್ಣೆ ಟವೆಲ್ಲುಗಳೂ ತನ್ನ ತಲೆಗೇ ಬಂದರೆ ಪರವಾಗಿಲ್ಲ, ಒಗೆಯುತ್ತೇನೆ. ನೋಡುವವರಿಗೇ ಸಿಟ್ಟು ಬರಬೇಕು, ಹಾಗಿದ್ದಳು.

ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಿದವಳು. ಅಲ್ಲಿಗೆ ಯಂತ್ರ ಬಂತು, ಇವಳು ಮನೆಗೆ ಬಂದಳು. ಮನೆಯಲ್ಲಿ ಸೊಂಟ ಮುರಿದು ಮಲಗಿದ ಅತ್ತೆ, ಕುಡಿದ ಲೋಟವನ್ನೂ ಎತ್ತಿಡದ ಗಂಡ. "ನಿಮ್ಮ ಕೈಯಲ್ಲಿ ಬಲ ಇದೆ, ಮಸಾಜ್ ಕಲೀರಿ" ಎಂದು ದಾರಿ ತೋರಿಸಿದವಳು ಹಳೆಯ ಪರಿಚಯದ ನರ್ಸು. ತಿಂಗಳ ಕೊನೆಯೊಳಗೆ ಸರ್ಟಿಫಿಕೇಟ್ ತಂದರೆ ಅದೇ ಆಸ್ಪತ್ರೆಯಲ್ಲಿ ಕೆಲಸ. ಹಾಗಾಗಿ ನಲವತ್ತೇಳನೇ ವಯಸ್ಸಿನಲ್ಲಿ ಸ್ನಾಯುಗಳ ಹೆಸರು ಬಾಯಿಪಾಠ ಮಾಡಿಕೊಂಡು, ಅತ್ತೆಯ ಮಗ್ಗುಲು ಬದಲಿಸಿ, ಅಡುಗೆ ಮುಗಿಸಿ, ಎರಡು ಬಸ್ಸು ಹತ್ತಿ ಬರುತ್ತಿದ್ದಳು. ಬಂದು ಮುಟ್ಟುವಷ್ಟರಲ್ಲೇ ಸುಸ್ತಾಗಿ ಹಣ್ಣಾಗಿರುತ್ತಿದ್ದಳು.

ಅಲ್ಲಿ ಕಲಿಕೆ ಜೋಡಿಯಲ್ಲಿ. ಒಬ್ಬರು ಒತ್ತಬೇಕು. ಇನ್ನೊಬ್ಬರು ಮೇಜಿನ ತೂತಿನಲ್ಲಿ ಮುಖವಿಟ್ಟು ಬೋರಲು ಮಲಗಿ, ಎಲ್ಲಿ ಹಿತ, ಎಲ್ಲಿ ನೋವು ಎಂದು ಹೇಳಬೇಕು. ಪರೀಕ್ಷೆಯಲ್ಲಿ ಒಬ್ಬರು ಎಡವಿದರೂ ಇಬ್ಬರಿಗೂ ಸರ್ಟಿಫಿಕೇಟ್ ಇಲ್ಲ. ಇವಳ ಜೋಡಿ, ಬೇಕರಿಯಲ್ಲಿ ಹಿಟ್ಟು ನಾದಿ ಬಂದ ಹುಡುಗಿ. ಟವೆಲ್ ಹೊದಿಸಿದ ಬೆನ್ನನ್ನೂ ಹಾಗೆಯೇ ನಾದುತ್ತಿದ್ದಳು.

"ಜೋರಾಯ್ತಾ ಅಕ್ಕ?"

"ಪರವಾಗಿಲ್ಲಮ್ಮ, ಒತ್ತು."

ಪಾಪ, ಹುಡುಗಿ ನಂಬಿದಳು.

ಪರೀಕ್ಷೆಯ ದಿನ ಇವಳ ಒತ್ತುವ ಸರದಿ ಚೆನ್ನಾಗಿಯೇ ಮುಗಿಯಿತು. ಮಲಗುವ ಸರದಿ ಬಂದಾಗ ಪಾಠ ಹೇಳುವ ಮೇಡಂ ಹೆಗಲ ಮೇಲಿನ ಟವೆಲ್ ಸರಿಸಿದರು. ಬೆನ್ನಿನ ತುಂಬ ಹಳೆಯ, ಹೊಸ ನೀಲಿ ಕಲೆಗಳು.

"ಇವಳ ಕೈ ಕಲೀಬೇಕು ಅಂದ್ರೆ ನಿಮ್ಮ ಬಾಯಿ ಹೇಳ್ಬೇಕಲ್ವಾ? ನಾಳೆ ರೋಗಿ ಬೆನ್ನನ್ನೂ ಇವಳು ಹೀಗೇ ಮಾಡ್ತಾಳೆ. ಇಬ್ರೂ ಹತ್ತು ದಿನ ಬಿಟ್ಟು ಬನ್ನಿ. ಆಗ್ಲೂ ಹೀಗೇ ಆದ್ರೆ ಮುಂದಿನ ವರ್ಷಾನೇ."

ಮೆಟ್ಟಿಲಿಳಿಯುವಾಗ ಹುಡುಗಿ ಅವಳ ಕೈ ಹಿಡಿದು ನಿಲ್ಲಿಸಿದಳು. "ದಿನಾ ಕೇಳ್ತಿದ್ನಲ್ಲಕ್ಕ, ಯಾಕೆ ಹೇಳ್ಲಿಲ್ಲ?"

"ಹೇಳಿ ಅಭ್ಯಾಸ ಇಲ್ಲಮ್ಮ" ಎಂದಳು. ಸುಳ್ಳಲ್ಲ. ಲಾಂಡ್ರಿಯಲ್ಲಿ ಕೈ ಸುಟ್ಟಾಗ ಮೇಲ್ವಿಚಾರಕ ಕೇಳಿದ್ದು ಚಾದರ ಸುಟ್ಟಿತೇ ಎಂದು. ಮನೆಯಲ್ಲಿ ಸೊಂಟ ನೋವು ಎಂದರೆ ಅತ್ತೆಯ ಸೊಂಟದ ಮಾತು ಬರುತ್ತಿತ್ತು. ಹೇಳಿ ಏನು ಪ್ರಯೋಜನ ಎಂದು ಬಾಯಿ ಎಂದೋ ಮುಚ್ಚಿಕೊಂಡಿತ್ತು. ಹಟದಿಂದಲ್ಲ, ಬರೀ ದಣಿವಿನಿಂದ.

ಮರುದಿನ ಇಬ್ಬರೂ ಬೇಗ ಬಂದರು. ಇವಳು ಬೋರಲು ಮಲಗಿದಳು. ಹುಡುಗಿ ಹೆಬ್ಬೆರಳನ್ನು ಹೆಗಲಮೂಳೆಯ ಪಕ್ಕಕ್ಕೆ ಊರಿದಳು. ಅದೇ ಹಳೆಯ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು.

"ನೋವಾಗುತ್ತೆ."

ಕೈ ನಿಂತಿತು. ತಕ್ಷಣ, ಅಷ್ಟು ಸುಲಭವಾಗಿ ನಿಂತೇಬಿಟ್ಟಿತು.

"ಈಗ?" ಹುಡುಗಿ ಹಗುರವಾಗಿ ಅಂಗೈ ಇಟ್ಟಳು.

ಮೇಜಿನ ತೂತಿನಿಂದ ಅವಳ ಕಣ್ಣೀರು ನೇರ ನೆಲಕ್ಕೆ ಬೀಳುತ್ತಿತ್ತು. ಹುಡುಗಿ ಕೈ ತೆಗೆಯದೆ ಕಾದಳು.

"ಇನ್ನೆಲ್ಲಿ ನೋವು, ಹೇಳಕ್ಕ."

ಅವಳು ಕುತ್ತಿಗೆಯಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದಳು.