ಊರಿಗೆ ಹೋಗಲು ಇಟ್ಟ ಪೆಟ್ಟಿಗೆಗಳು

ಕೋಪರಖೈರಣೆಯ ಬಾಡಿಗೆ ಮನೆ ಬಿಟ್ಟು ಡೊಂಬಿವಲಿಯ ಅಮ್ಮನ ಮನೆಗೆ ಮರಳಿದ್ದೇನೆ. ನನ್ನ ಹಳೆಯ ಬೆಡ್‌ರೂಮು ತೆರವು ಮಾಡುವಾಗ ಮಿಕ್ಸರಿನ ಖಾಲಿ ಪೆಟ್ಟಿಗೆಯಿಂದ ನುಸಿಗುಳಿಗೆಯ ವಾಸನೆ ಬಂತು.

ಅಪ್ಪ ಯಾವ ಸಾಮಾನು ತಂದರೂ ಅದರ ರಟ್ಟಿನ ಪೆಟ್ಟಿಗೆಯನ್ನು ಬಿಸಾಡುತ್ತಿರಲಿಲ್ಲ.

“ಉಡುಪಿಗೆ ವಾಪಸ್ ಹೋಗುವಾಗ ಸಾಮಾನು ಎಂಥದ್ರಲ್ಲಿ ಕಟ್ಟುದು ಮಾರಾಯ?”

ಟಿವಿಯದ್ದು, ಫ್ಯಾನಿನದ್ದು, ಕುಕ್ಕರಿನದ್ದು ಸೇರಿ ನನ್ನ ಹಾಸಿಗೆಯ ಪಕ್ಕ ಕಿಟಕಿಯ ಅರ್ಧದವರೆಗೆ ಏರಿದ್ದವು. ಅವು ಬೀಳಬಾರದೆಂದು ನಾನು ಮಗ್ಗುಲು ಬದಲಿಸದೆ ಮಲಗಲು ಕಲಿತೆ. ಅಪ್ಪ ಊರಿಗೆ ಹೋಗಲೇ ಇಲ್ಲ; ಇಲ್ಲೇ ತೀರಿಕೊಂಡರು.

“ಎಲ್ಲ ಭಂಗಾರ್‌ವಾಲಾನಿಗೆ ಕೊಡ್ತೇನೆ ಅಮ್ಮ.”

“ಅವರದ್ದು ಕೊಡು. ನೀನು ಕೋಪರಖೈರಣೆಯಿಂದ ತಂದ ಪೆಟ್ಟಿಗೆ ಇರ್ಲಿ. ನಿನಗೆ ಪುನಃ ಹೋಗ್ಲಿಕ್ಕೆ ಉಂಟಲ್ಲ?”

ಸಂಜೆ ಗುಜರಿಯವನು ಅಪ್ಪನ ಪೆಟ್ಟಿಗೆಗಳನ್ನು ಒಯ್ದ. ತೆರವಾದ ಜಾಗದಲ್ಲಿ ನನ್ನವನ್ನು ಒಂದರ ಮೇಲೊಂದು ಜೋಡಿಸಿದೆ. ಅವೂ ಕಿಟಕಿಯ ಅರ್ಧದವರೆಗೆ ಬಂದವು.