ಹಡಗಿನಲ್ಲಿ ಬಂದ ತಿರುಳು, ಕೆರೆಯಲ್ಲಿ ಕೊಳೆತ ಪುಂಡಿ

ಅದು 1995ನೆಯ ಇಸವಿ. ಆಗ ನನಗೆ ನಲವತ್ತೊಂದು ವರ್ಷ. ಶಿಕಾರಿಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣವನ್ನು ಕಲಿಸುತ್ತಿದ್ದೆ. ಅಕ್ಕನನ್ನು ಕೊಟ್ಟಿದ್ದು ಸೊರಬ ತಾಲ್ಲೂಕಿನಲ್ಲಿ, ಹೊಸಬಾಳೆಯ ಆಚೆಗಿನ ಒಂದು ಸಣ್ಣ ಊರಿಗೆ. ದೀಪಾವಳಿ ಕಳೆದು ತಿಂಗಳಾದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೊರಟಾಗ, ಊರು ಕಾಣುವ ಮೊದಲೇ ಅದರ ವಾಸನೆ ಬಸ್ಸಿನೊಳಗೆ ಬಂತು. ಬರವಣಿಗೆಯಲ್ಲಿ ‘ನಾತ’ ಎಂಬ ಪದವನ್ನು ನಾನು ಬಳಸುವವನಲ್ಲ. ಆದರೆ ಇಲ್ಲಿ ‘ದುರ್ಗಂಧ’ ಎಂದು ಬರೆದರೆ ಸುಳ್ಳು ಬರೆದಂತಾಗುತ್ತದೆ. ಅದು ನಾತವೇ.

ಕಾರಣ, ಪುಂಡಿ. ಹಗ್ಗದ ನಾರಿಗೆಂದು ಹೊಲದ ಅಂಚಿನಲ್ಲಿ ನಾಲ್ಕು ಸಾಲು ಪುಂಡಿ ಬೆಳೆಯುವುದು ಆ ಊರಿನಲ್ಲಿ ಹಿಂದಿನಿಂದಲೂ ಇತ್ತು. ಕೊಯ್ದ ದಂಟನ್ನು ಹೊರೆ ಕಟ್ಟಿ, ಕೆರೆಯ ಒಂದು ಮೂಲೆಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ಸಿಪ್ಪೆ ಕೊಳೆತು ಸಡಿಲವಾದ ಕೂಡಲೇ ಎತ್ತಿ ನಾರು ಸುಲಿದುಕೊಳ್ಳುತ್ತಿದ್ದರು. ಯಾವ ಹೊರೆ ಯಾರದೆಂದು ತಿಳಿಯಲು ಪ್ರತಿ ಮನೆಯವರೂ ಹಳೆಯ ಸೀರೆಯ ಅಂಚಿನ ಚೂರೊಂದನ್ನು ಅದಕ್ಕೆ ಕಟ್ಟುತ್ತಿದ್ದರು. ಆ ವರ್ಷ ಮಾತ್ರ ಪಂಚಾಯಿತಿಯ ಸದಸ್ಯರೊಬ್ಬರು ಕಾಗದದ ಕಾರ್ಖಾನೆಯ ಏಜೆಂಟನೊಬ್ಬನನ್ನು ಬಿತ್ತನೆಗೆ ಮೊದಲೇ ಕರೆತಂದಿದ್ದರು. ಕಾರ್ಖಾನೆಗೆ ಮರ ಸಾಲದು, ನಾರಿನ ತಿರುಳು ಬೇಕು, ಎಷ್ಟು ಬೆಳೆದರೂ ಕೊಳ್ಳುತ್ತೇವೆ, ಸುಲಿಯುವುದೂ ಬೇಡ, ಕೊಳೆಹಾಕಿಟ್ಟರೆ ಸಾಕು, ಲಾರಿ ಬರುತ್ತದೆ ಎಂದು ಅವನು ಹೇಳಿದ. ಊರಿಗೆ ಊರೇ ಪುಂಡಿ ಬಿತ್ತಿತು. ಬೆಳೆದದ್ದೆಲ್ಲ ಒಟ್ಟಿಗೇ ಕೆರೆಗೆ ಬಿತ್ತು. ಲಾರಿ ಬರಲಿಲ್ಲ.

ನೀರು ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ಮೇಲೆ ಲೋಳೆಯ ಕೆನೆ. ಆ ಕೆನೆಯಲ್ಲಿ ಹೊಟ್ಟೆ ಮೇಲಾದ ಮೀನುಗಳು. ಗುಡವಿ ಪಕ್ಷಿಧಾಮಕ್ಕೆ ಬರುವ ಹಕ್ಕಿಗಳಲ್ಲಿ ಒಂದಿಷ್ಟು ಈ ಕೆರೆಗೂ ಇಳಿಯುತ್ತಿದ್ದವು. ಈ ಸಲ ಮೇಲೆಯೇ ಸುತ್ತು ಹೊಡೆದು ಹೊರಟುಹೋದವು. ಅಕ್ಕನಿಗೆ ಎರಡು ಎಮ್ಮೆಗಳಿದ್ದವು. ಮನೆ ನಡೆಯುತ್ತಿದ್ದುದೇ ಅವುಗಳ ಹಾಲಿನಿಂದ. ಅವು ದಂಡೆಯವರೆಗೆ ಹೋಗಿ, ಮೂಗರಳಿಸಿ, ಹಾಗೆಯೇ ಹಿಂದಿರುಗುತ್ತಿದ್ದವು. ಅಕ್ಕ ದೂರದ ಬಾವಿಯೊಂದರಿಂದ ನೀರು ಹೊತ್ತು ತಂದು ಕುಡಿಸುತ್ತಿದ್ದಳು. ಬೇಸಗೆಯಲ್ಲಿ ಆ ಬಾವಿ ತಳ ಕಾಣುತ್ತದೆ. ಅಷ್ಟರೊಳಗೆ ಕೆರೆ ಚೊಕ್ಕಟವಾಗದಿದ್ದರೆ ಎಮ್ಮೆಗಳನ್ನು ಮಾರುವುದೊಂದೇ ದಾರಿ.

ಸಂಕ್ರಾಂತಿಯ ಹೊತ್ತಿಗೆ ಏಜೆಂಟ್ ಮತ್ತೆ ಬಂದ. ಪಾಲಿಶ್ ಮಾಡಿದ ಬೂಟು. ಮೂಗಿಗೆ ಒತ್ತಿಕೊಂಡ, ಅತ್ತರು ಹಚ್ಚಿದ ಕರವಸ್ತ್ರ. ಅಂದು ನಾನೂ ಅಲ್ಲಿದ್ದೆ. ಕೆರೆಯ ದಂಡೆಯ ಅರಳಿಕಟ್ಟೆಯ ಮುಂದೆ ಸೇರಿದವರೆದುರು ಚೀಲದಿಂದ ಒಂದು ದಪ್ಪ ಬಿಳಿಯ ಹಾಳೆಯನ್ನು ತೆಗೆದ.

“ಇದು ಪಲ್ಪು, ಅದೇ ತಿರುಳು ನೋಡ್ರಿ, ಹೊರದೇಶದ್ದು. ಮರದ್ದಲ್ಲ, ಜೊಂಡು, ಹುಲ್ಲು, ನಾರು, ಇಂಥದ್ದರದ್ದೇ. ಹಡಗಲ್ಲಿ ಬಂದು ಮಂಗಳೂರಲ್ಲಿ ಇಳಿದ್ರೂ ನಿಮ್ಮ ಪುಂಡಿಗಿಂತ ಅಗ್ಗ. ಕಾರ್ಖಾನೆಯವ್ರು ಇದನ್ನೇ ತರಿಸ್ತಾರಂತೆ. ನಾನೇನು ಮಾಡ್ಲಿ?”

ಹಾಳೆ ಕೈಯಿಂದ ಕೈಗೆ ಹೋಯಿತು. ಗಂಡಸರು ಅದನ್ನು ಸವರಿ ತಲೆದೂಗಿದರು. ಅಕ್ಕ ಮೂಸಿ ನೋಡಿದಳು.

“ವಾಸ್ನೆನೇ ಇಲ್ಲಲ್ರೀ,” ಎಂದಳು. “ಇದ್ರ ನಾತ ಯಾರ ಕೆರೇಲಿ ಬಿಟ್ಟು ಬಂದ್ರಿ?”

ಯಾರೋ ನಕ್ಕರು. ಏಜೆಂಟ್ ಹಾಳೆಯನ್ನು ಕಿತ್ತುಕೊಂಡು ಜೀಪು ಹತ್ತಿದ. ‘ಆಮದು’ ಎಂಬ ಪದವನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ ಇಂದಿಗೂ ನನಗೆ ಆ ಪ್ರಶ್ನೆಯೇ ಕೇಳಿಸುತ್ತದೆ.

ಆದರೆ ನನ್ನ ಹೇಸಿಗೆಯ ಹೆಚ್ಚಿನ ಪಾಲು ಏಜೆಂಟನಿಗೆ ಸಲ್ಲುವುದಿಲ್ಲ. ಮುಂದಿನ ಸಲ ಹೋದಾಗ ಕೆರೆಯಲ್ಲಿದ್ದ ಹೊರೆಗಳ ಮೇಲೆ ಒಂದೂ ಸೀರೆಯಂಚು ಇರಲಿಲ್ಲ. ಗುರುತಿದ್ದವರೇ ಎತ್ತಿಹಾಕಬೇಕಾದೀತೆಂದು ಎಲ್ಲರೂ ಕತ್ತರಿಸಿಬಿಟ್ಟಿದ್ದರು. ಕೇಳಿದರೆ “ನಮ್ದಲ್ಲ” ಎಂಬ ಒಂದೇ ಉತ್ತರ. ನೀರು ಹೊರುವವರು ಹೆಂಗಸರು. ಸದಸ್ಯರ ಮನೆಯಲ್ಲಂತೂ ಕೊಳವೆ ಬಾವಿಯೇ ಇತ್ತು. ಕಟ್ಟೆಯ ಮೇಲೆ ಕುಳಿತವರಿಗೆ ಅವಸರವೇನು? ನನ್ನ ಭಾವನೂ ಕತ್ತರಿಸಿದ್ದರು.

“ಎಲ್ಲಾರೂ ತೆಗೆದ್ರು, ನಾನೊಬ್ಬ ಇಟ್ಕಂಡು ಏನ್ ಮಾಡ್ಲಿ ಮೇಷ್ಟ್ರೇ?” ಎಂದರು, ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತ. ಅದೇ ಎಮ್ಮೆಗಳ ಮಜ್ಜಿಗೆ.

ಅಕ್ಕ ಶಿವರಾತ್ರಿ ಕಳೆದ ಮೇಲಿನ ಭಾನುವಾರ ಸೀರೆ ಎತ್ತಿಕಟ್ಟಿ ಕೆರೆಗಿಳಿದಳು. ತೊಡೆಮಟ್ಟದ ಕಪ್ಪುನೀರಿನಲ್ಲಿ ನಿಂತು, ತಾನು ಕಟ್ಟಿದ ಹೊರೆಗಳನ್ನು ಒಂದೊಂದಾಗಿ ದಂಡೆಗೆ ನೂಕಿದಳು. ನಾನು ಎಳೆದುಕೊಂಡೆ. ಹಿಡಿದಲ್ಲೆಲ್ಲ ಸಿಪ್ಪೆ ಗಂಜಿಯಂತೆ ಕರಗಿ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ನನಗೆ ವಾಂತಿಯಾಯಿತು. ಕಟ್ಟೆಯ ಮೇಲಿನವರು ನೋಡುತ್ತ ಕುಳಿತಿದ್ದರು.

ಕೈಕಾಲು ತೊಳೆದವಳೇ ಅಕ್ಕ ಎರಡೂ ಎಮ್ಮೆಗಳನ್ನು ಹೊಡೆದುಕೊಂಡು ಹೋಗಿ ಸದಸ್ಯರ ಬಾಗಿಲಿನ ಕಂಬಕ್ಕೆ ಕಟ್ಟಿದಳು.

“ಏನವ್ವಾ ಇದು?” ಎಂದರು ಸದಸ್ಯರು.

“ನಮ್ಮ ಹೊರೆ ತೆಗೆದಾತು. ಉಳಿದದ್ದು ಯಾರದ್ದೋ, ನಂಗೊತ್ತಿಲ್ಲ. ಕೆರೆ ಚೊಕ್ಕ ಆಗೋತನ್ಕ ಇವಕ್ಕೆ ನೀವೇ ನೀರು ಕುಡಿಸ್ರಿ. ಹಾಲು ಕರೆಯೋಕೆ ನಾ ಬರ್ತೀನಿ.”

“ನಿಂಗೇನು ತಲೆ ಕೆಟ್ಟಿದ್ಯಾ?”

“ತಲೆ ಅಲ್ಲ, ನೀರು ಕೆಟ್ಟಿರೋದು. ತಂದೋರು ನೀವೇ ಅಲ್ವಾ ಆ ಬೂಟಿನೋನ್ನ?”

ಮರುದಿನದಿಂದ ಬೇರೆ ಹೆಂಗಸರೂ ತಮ್ಮ ದನಗಳನ್ನು ಅಲ್ಲಿಗೇ ತಂದು ಕಟ್ಟತೊಡಗಿದರು. ಅಂಗಳವೆಲ್ಲ ಸಗಣಿ, ಒಳಗೆ ಕಾಲಿಡಲು ಜಾಗವಿಲ್ಲ. ಕಡೆಗೆ ಸದಸ್ಯರೇ ಕಟ್ಟೆಯವರನ್ನು ಬೈದು ಕೆರೆಗಿಳಿಸಿದರು. ಯಾವ ಹೊರೆ ಯಾರದೆಂಬುದು ಆಗ ಎಲ್ಲರಿಗೂ ಚೆನ್ನಾಗಿ ನೆನಪಾಯಿತು.

ಹೊರೆಗಳು ಹೊರಬಿದ್ದರೂ ನೀರು ಕಪ್ಪಾಗಿಯೇ ಉಳಿಯಿತು. ಬೇಸಗೆಯುದ್ದಕ್ಕೂ ಅಕ್ಕನ ಎಮ್ಮೆಗಳು ಸದಸ್ಯರ ಕೊಳವೆ ಬಾವಿಯ ನೀರನ್ನೇ ಕುಡಿದವು. ಮಾರುವ ಮಾತು ಬರಲಿಲ್ಲ. ಮಳೆ ಹಿಡಿದು ಹೊಸ ನೀರು ಬಂದ ಮೇಲೆ ಅವುಗಳನ್ನು ಮತ್ತೆ ಕೆರೆಗೆ ಹೊಡೆದುಕೊಂಡು ಹೋದೆವು. ದೊಡ್ಡ ಎಮ್ಮೆ ದಂಡೆಯಲ್ಲಿ ನಿಂತು ಬಹಳ ಹೊತ್ತು ಮೂಸಿತು. ಭಾವ ನೆಲ ನೋಡುತ್ತಿದ್ದರು. ಎಮ್ಮೆ ಬಾಯಿಟ್ಟು ಕುಡಿಯಿತು. ಅಂದು 1996ನೆಯ ಇಸವಿಯ ಜೂನ್ 16, ಭಾನುವಾರ.